ಒಳಗಾಜಿನ ಹಿಮ

ಕಮ್ಮಿಂಗ್ ಎಂಬ ಊರಿನಲ್ಲಿರುವ ನನ್ನ ಗೆಳತಿಯ ಮಗಳು ಶರ್ಮಿಳಾ ಈ ವರ್ಷ ಸ್ಕೂಲ್ ಬಸ್ ಓಡಿಸುವ ಕೆಲಸಕ್ಕೆ ಸೇರಿದ್ದಾಳೆ. ಮೊದಲ ಚಳಿ ಬಿದ್ದ ಬೆಳಿಗ್ಗೆ ಫೋನ್ ಮಾಡಿ, "ಆಂಟಿ, ವಿಂಡ್‌ಶೀಲ್ಡ್ ಪೂರ್ತಿ ಐಸ್ ಆಗ್ಬಿಟ್ಟಿದೆ, ಏನೂ ಕಾಣಿಸ್ತಿಲ್ಲ, ನೀವೆಲ್ಲ ಹೇಗೆ ಮ್ಯಾನೇಜ್ ಮಾಡ್ತಿದ್ರಿ?" ಎಂದು ಅಳುವ ದನಿಯಲ್ಲಿ ಕೇಳಿದಳು. ಅವಸರದಲ್ಲಿ ನಾಲ್ಕು ಮಾತು ಹೇಳಿದೆ. ಇನ್ನೊಂದು ಮಾತು ಬಾಯಿಗೆ ಬಂದರೂ ನುಂಗಿಕೊಂಡೆ. ಅದನ್ನು ಹೇಳಬೇಕಾದರೆ ಸರಸಮ್ಮನ ವಿಷಯ ಹೇಳಬೇಕು, ಅದು ಫೋನಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಫ್ಲೇವಿಯಾ, ಉಡುಪಿ ಕಡೆಯವಳು. ರಾಕ್‌ವಿಲ್‌ನಲ್ಲಿ ಹಿರಿಯರ ಡೇ ಕೇರ್ ಸೆಂಟರ್ ಒಂದರ ವ್ಯಾನ್ ಓಡಿಸಿ ನಿವೃತ್ತಳಾದೆ. ಮಕ್ಕಳೆಲ್ಲ ಆಫೀಸಿಗೋ ಲ್ಯಾಬಿಗೋ ಹೋಗುವ ಮನೆಗಳಿಂದ ಹಿರಿಯರನ್ನು ಬೆಳಿಗ್ಗೆ ಒಬ್ಬೊಬ್ಬರನ್ನಾಗಿ ಹತ್ತಿಸಿಕೊಂಡು ಸೆಂಟರ್‌ಗೆ ತಲುಪಿಸುವುದು, ಅವರು ಅಲ್ಲಿ ಚಹಾ ಕುಡಿದು, ವ್ಯಾಯಾಮ ಮಾಡಿ, ಇಸ್ಪೀಟಾಡಿ, ಊಟ ಮಾಡಿ, ಸೊಸೆಯಂದಿರನ್ನು ಬೈದು ಸುಸ್ತಾದ ಮೇಲೆ ಸಂಜೆ ವಾಪಸ್ ಮನೆಗೆ ಬಿಡುವುದು, ಇಷ್ಟೇ ಕೆಲಸ. ಒಮ್ಮೆ ಸೀನಿಯರ್ ಡ್ರೈವರ್ ಎಂದು ಒಂದು ಬ್ಯಾಡ್ಜ್ ಕೊಟ್ಟರು. ಅದರ ಪಿನ್ನು ನನ್ನ ಒಳ್ಳೆಯ ಸ್ವೆಟರಿಗೆ ತೂತು ಮಾಡಿದ್ದು ಬಿಟ್ಟರೆ ಅದರಿಂದ ಬೇರೇನೂ ಆಗಲಿಲ್ಲ.

ವ್ಯಾನುಗಳ ಉಸ್ತುವಾರಿ ಮಾರ್ಕಸ್ ಎಂಬವನದು. ದಕ್ಷಿಣ ಕೆರೊಲಿನಾದವನು, ಆರಡಿ ಮೇಲಿನ ಆಳು, ನಕ್ಕರೆ ಕಾಸು ಖರ್ಚಾಗುತ್ತದೆ ಎಂಬಂತೆ ಇರುತ್ತಿದ್ದ. ನಾನು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಸ್ಕ್ರೇಪರ್ ಹಿಡಿದು ಹೊರಗಾಜನ್ನು ಕೆರೆಯಲು ಹೊರಟಾಗ ಕೈಯಿಂದ ಕಿತ್ತುಕೊಂಡ. ಮೊದಲು ವ್ಯಾನಿನೊಳಗೆ ಹೋಗಿ ಕೂತು ಗಾಜನ್ನು ಒಳಗಿನಿಂದ ಬೆರಳಲ್ಲಿ ಮುಟ್ಟಿ ನೋಡು ಎಂದ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಹೊರಗೆ ಕೂತ ಹಿಮ ರಾತ್ರಿಯ ಗಾಳಿಯಿಂದ ಬಂದದ್ದು, ಅದಕ್ಕೆ ಹೆದರಬೇಡ. ಒಳಗೆ ಹಿಮ ಕೂತಿದ್ದರೆ ವ್ಯಾನಿನೊಳಗೆ ಎಲ್ಲೋ ನೀರಿದೆ. ಒದ್ದೆ ಮ್ಯಾಟ್ ಇರಬಹುದು, ಹೀಟರ್ ಸೋರುತ್ತಿರಬಹುದು. ಎರಡೂ ಅಲ್ಲದಿದ್ದರೆ ರಾತ್ರಿ ಒಳಗೆ ಯಾರೋ ಉಸಿರಾಡಿದ್ದಾರೆ.

ಕೊನೆಯ ಮಾತನ್ನು ಅವನು ತಮಾಷೆಗೆ ಹೇಳಿದ್ದಾನೆ ಎಂದುಕೊಂಡೆ. ಮಾರ್ಕಸ್ ತಮಾಷೆ ಮಾಡುವವನಲ್ಲ ಎಂದು ಆಮೇಲೆ ಗೊತ್ತಾಯಿತು.

ಶರ್ಮಿಳಾಗೆ ಹೇಳಿದ ನಾಲ್ಕು ಮಾತನ್ನು ಇಲ್ಲೂ ಹೇಳಿಬಿಡುತ್ತೇನೆ. ರಾತ್ರಿ ವೈಪರುಗಳನ್ನು ಎತ್ತಿ ನಿಲ್ಲಿಸಿ, ಇಲ್ಲದಿದ್ದರೆ ಅವು ಗಾಜಿಗೆ ಅಂಟಿ ರಬ್ಬರ್ ಕಿತ್ತು ಬರುತ್ತದೆ. ಔಷಧಿ ಅಂಗಡಿಯ ಸ್ಪಿರಿಟ್ಟಿಗೆ ಸ್ವಲ್ಪ ನೀರು ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಹೀಟರ್ ಹಾಕುವಾಗ ಹೊರಗಿನ ಗಾಳಿ ಒಳಗೆ ಬರುವ ಹಾಗೆ ಬಿಡಿ, ಒಳಗಿನ ಗಾಳಿಯನ್ನೇ ತಿರುಗಿಸಿದರೆ ಇನ್ನಷ್ಟು ಮಂಜು ಕಟ್ಟುತ್ತದೆ. ಬಿಸಿನೀರು ಮಾತ್ರ ಸುರಿಯಲೇಬೇಡಿ.

ಬಿಸಿನೀರಿನ ವಿಷಯದಲ್ಲಿ ನಮ್ಮವರು ಯಾಕೋ ಮಾತು ಕೇಳುವುದೇ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಬೆಂಗಳೂರಿನಿಂದ ಹೊಸದಾಗಿ ಬಂದ ಒಬ್ಬ ಸಾಫ್ಟ್‌ವೇರ್ ಹುಡುಗ ಸ್ನಾನಕ್ಕೆ ತೆಗೆದುಕೊಂಡು ಹೋಗುವವನ ಹಾಗೆ ದೊಡ್ಡ ಚೊಂಬಿನಲ್ಲಿ ಕುದಿಯುವ ನೀರು ಹಿಡಿದು ಬಂದ. "ಬೇಡ ಮಾರಾಯಾ" ಎಂದು ನಾನು ಕೂಗುವುದರೊಳಗೆ ಸುರಿದಾಗಿತ್ತು. ಗಾಜು ಈ ಮೂಲೆಯಿಂದ ಆ ಮೂಲೆಗೆ ಸೀಳಿಕೊಂಡಿತು. ಆ ಸದ್ದಿಗೆ ಮರದ ಮೇಲಿದ್ದ ಕಾಗೆಗಳೆಲ್ಲ ಎದ್ದು ಹೋದವು. ಇನ್ನೊಮ್ಮೆ ನನಗೆ ಸಹಾಯ ಮಾಡುತ್ತೇನೆಂದು ಒಬ್ಬ ಅಜ್ಜಿ ಮನೆಯಿಂದ ಕಬ್ಬಿಣದ ದೋಸೆ ಸಟ್ಟುಗ ತಂದು ಗಾಜನ್ನು ಕೆರೆದರು. ಆ ಗೀರುಗಳ ಮಧ್ಯದಿಂದಲೇ ಒಂದು ವರ್ಷ ದಾರಿ ನೋಡಿಕೊಂಡು ಓಡಿಸಿದೆ. ಹಿರಿಯರನ್ನು ಬೈಯುವ ಹಾಗಿಲ್ಲ, ಹಾಗಾಗಿ ಅವತ್ತಿನ ಸಿಟ್ಟೆಲ್ಲ ಮನೆಗೆ ಹೋಗಿ ಗಂಡನ ಮೇಲೆ ತೀರಿಸಿಕೊಂಡೆ.

ಈಗ ಸರಸಮ್ಮನ ವಿಷಯ.

ಕೋವಿಡ್ ಕಳೆದು ಸೆಂಟರ್ ಮತ್ತೆ ತೆರೆದ ಮೇಲೆ ಸೇರಿಕೊಂಡವರು ಅವರು, ಗಂಡ ನಾಗರಾಜ್ ಅಂಕಲ್ ಜೊತೆ. ಇಬ್ಬರೂ ಎಂಬತ್ತರ ಹತ್ತಿರದವರು, ಮೈಸೂರಿನವರು. ಅಂಕಲ್ ಅಲ್ಲಿ ಟೈಲರ್ ಆಗಿದ್ದವರು, ಕೋಟು ಹೊಲಿಯುವುದರಲ್ಲಿ ಎತ್ತಿದ ಕೈಯಂತೆ. ಮಗಳು ಸುಮನಾ ಇಲ್ಲಿಯ ಒಂದು ಔಷಧಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅವರಿದ್ದದ್ದು ನಮ್ಮದೇ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಪಕ್ಕದ ಕಟ್ಟಡ. ಬೆಳಿಗ್ಗೆ ಬೇಗ ಹೊರಡಬೇಕಾದ್ದರಿಂದ ನಾನು ವ್ಯಾನನ್ನು ಮನೆಗೇ ತಂದು ಹಿಂದಿನ ಪಾರ್ಕಿಂಗ್ ಲಾಟಿನ ಕೊನೆಯಲ್ಲಿ, ಕಾಡಿನ ಅಂಚಿಗೆ ನಿಲ್ಲಿಸುತ್ತಿದ್ದೆ. ಗಂಡ ಹೆಂಡತಿ ಇಬ್ಬರೂ ಅಲ್ಲಿಗೇ ನಡೆದು ಬಂದು ಎಲ್ಲರಿಗಿಂತ ಮೊದಲು ಹತ್ತುತ್ತಿದ್ದರು.

ಸರಸಮ್ಮನಿಗೆ ಹಿಂದೆ ಕೂತರೆ ವಾಂತಿ ಬರುತ್ತಿತ್ತು. ಹಾಗಾಗಿ ನನ್ನ ಪಕ್ಕದ ಸೀಟು ಅವರದು. ಅಂಕಲ್ ಅವರ ಬೆನ್ನ ಹಿಂದಿನ ಸೀಟಿನಲ್ಲಿ. ಆಕೆಗೆ ಸೀಟ್ ಬೆಲ್ಟ್ ಹಾಕಲು ಬರುತ್ತಿರಲಿಲ್ಲ, ಅಂಕಲ್ಲೇ ಬಗ್ಗಿ ಕ್ಲಿಕ್ ಎನ್ನುವವರೆಗೆ ಒತ್ತಿ ಆಮೇಲೆ ತಮ್ಮ ಜಾಗಕ್ಕೆ ಹೋಗುತ್ತಿದ್ದರು. ಎಂಜಿನ್ ಬಿಸಿಯಾಗುವವರೆಗೆ ನಾವು ಮೂವರು ಕಾಯುತ್ತಿದ್ದೆವು. ನಮ್ಮ ಉಸಿರಿಗೆ ಗಾಜಿನ ಒಳಮೈ ಬೆಳ್ಳಗಾಗುತ್ತಿತ್ತು. ಆಗ ಸರಸಮ್ಮ ಬೆರಳು ಚಾಚಿ ಗಾಜಿನ ಮೇಲೆ ಚುಕ್ಕಿ ಇಡುವರು. ಚುಕ್ಕಿಗಳನ್ನು ಸುತ್ತಿ ಸುತ್ತಿ ಒಂದೇ ಎಳೆ ಎಳೆಯುವರು. ಆ ಗೆರೆ ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ಸೇರುತ್ತಿತ್ತು.

"ಆಂಟಿ, ನಿಮ್ಮ ಬೆರಳಲ್ಲಿ ತೆಂಗಿನೆಣ್ಣೆ ಉಂಟು ಮಾರಾಯ್ರೇ," ಎಂದು ನಾನು ರೇಗುತ್ತಿದ್ದೆ. "ಆ ಜಿಡ್ಡು ಒರೆಸಿದ್ರೂ ಹೋಗುದಿಲ್ಲ. ಬಿಸಿಲು ಬಿದ್ರೆ ನಂಗೆ ರೋಡೇ ಕಾಣುದಿಲ್ಲ."

"ಬೈಬೇಡಿ ಫ್ಲೇವಿಯಮ್ಮ. ಮಗಳ ಮನೆ ಬಾಗಿಲಲ್ಲಿ ಕಾರ್ಪೆಟ್ಟು. ಅದರ ಮೇಲೆ ರಂಗೋಲಿ ಬಿಡಕ್ಕಾಗತ್ತಾ? ಇಲ್ಲಾದ್ರೂ ನಾಲ್ಕು ಚುಕ್ಕಿ ಇಟ್ಕೋತೀನಿ."

"ಇಟ್ಟದ್ದು ಸಾಕಲ್ಲ, ಇನ್ನೂ ಎಂತ ಸುತ್ತುವುದು?"

"ಗೆರೆ ಸೇರಿಸ್ಬೇಕು ಕಣ್ರೀ. ಅರ್ಧಕ್ಕೆ ಬಿಟ್ರೆ ಬಾಗಿಲು ತೆಗೆದಿಟ್ಟ ಹಾಗೆ. ಯಾರು ಬೇಕಾದ್ರೂ ಒಳಗೆ ಬರ್ತಾರೆ."

ಹಿಂದಿನಿಂದ ಅಂಕಲ್ ನಗುತ್ತಿದ್ದರು. "ಅವಳಿಗೆ ಹೇಳಿ ಪ್ರಯೋಜನ ಇಲ್ಲ. ಮದುವೆಯಾದಾಗಿಂದ ನೋಡ್ತಿದೀನಿ."

ಹೀಟರಿನ ಗಾಳಿ ಬಿಸಿಯಾಗುತ್ತಿದ್ದಂತೆ ರಂಗೋಲಿ ಕೆಳಗಿನಿಂದ ಕರಗುತ್ತಾ ಹೋಗುತ್ತಿತ್ತು. ಆಕೆ ಅದನ್ನು ನೋಡುತ್ತಾ ಕೂರುತ್ತಿದ್ದರು, ಬೇಸರವೇನೂ ಮಾಡಿಕೊಳ್ಳುತ್ತಿರಲಿಲ್ಲ. ಸಂಜೆ ನಾನು ಬಟ್ಟೆ ಹಿಡಿದು ಗಾಜು ಒರೆಸಿಕೊಂಡು ಗೊಣಗುತ್ತಿದ್ದೆ. ಆ ಗೊಣಗಾಟ ನನಗೂ ಅಭ್ಯಾಸವಾಗಿಬಿಟ್ಟಿತ್ತು.

ಒಂದು ಡಿಸೆಂಬರಿನಲ್ಲಿ ಸರಸಮ್ಮನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅಂಕಲ್ ಕೆಲವು ದಿನ ಮನೆಯಲ್ಲೇ ಇದ್ದು, ಆಮೇಲೆ ಮಗಳ ಒತ್ತಾಯಕ್ಕೆ ಮತ್ತೆ ಸೆಂಟರ್‌ಗೆ ಬರತೊಡಗಿದರು. ಹಿಂದಿನ ತಮ್ಮ ಸೀಟಿನಲ್ಲೇ ಕೂರುತ್ತಿದ್ದರು. ಮುಂದಿನ ಸೀಟು ಖಾಲಿ. ಅಲ್ಲಿ ಕೂರಿ ಎಂದು ನಾನು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಜನವರಿಯ ಒಂದು ಬೆಳಿಗ್ಗೆ, ಇನ್ನೂ ಕತ್ತಲಿರುವಾಗ, ವ್ಯಾನಿನ ಬಾಗಿಲು ತೆಗೆದು ಅಭ್ಯಾಸದಂತೆ ಒಳಗೆ ಕೂತು ಗಾಜು ಮುಟ್ಟಿದೆ. ಬೆರಳಿಗೆ ಹಿಮ ಹತ್ತಿತು. ಒಳಗಡೆ. ಫೋನಿನ ಬೆಳಕು ಹಾಕಿ ನೋಡಿದರೆ ಪಕ್ಕದ ಸೀಟಿನ ಎದುರಿಗೆ, ಆ ಬಿಳಿ ಪದರದೊಳಗೆ, ಚುಕ್ಕಿ ಮತ್ತು ಗೆರೆ ಎದ್ದು ಕಾಣುತ್ತಿದ್ದವು.

ಸ್ವೆಟರಿನ ಜೇಬಿನಲ್ಲಿದ್ದ ಜಪಸರ ಹಿಡಿದುಕೊಂಡು ಅಲ್ಲಿಯೇ ಕೂತೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಎಣ್ಣೆ ಬೆರಳಿನ ಗುರುತು ಸುಲಭಕ್ಕೆ ಹೋಗುವುದಿಲ್ಲ ಎಂದು ನಾನೇ ನೂರು ಸಲ ಬೈದಿರಲಿಲ್ಲವೇ? ಜಿಡ್ಡಿರುವ ಕಡೆ ಹಿಮ ಬೇರೆ ರೀತಿ ಕೂರುತ್ತದೆ, ಹಳೆಯ ಗೆರೆ ಮತ್ತೆ ಕಾಣಿಸುತ್ತದೆ. ಅಷ್ಟೇ ವಿಷಯ. ಅವತ್ತು ಸಂಜೆ ವಿನೆಗರ್, ಆಮೇಲೆ ಸ್ಪಿರಿಟ್ಟು, ಆಮೇಲೆ ಸೋಪಿನ ನೀರು ಹಾಕಿ ಒಳಗಾಜನ್ನು ತಿಕ್ಕಿ ತಿಕ್ಕಿ ಕೈ ಸೋತುಹೋಯಿತು. ಹಾಗೆ ತಿಕ್ಕುವಾಗ ಅಳು ಬಂತು. ಅವರಿದ್ದಾಗ ಅಷ್ಟು ಬೈದವಳು ಅವರ ಕೊನೆಯ ಗುರುತನ್ನು ಹೀಗೆ ಅಳಿಸುತ್ತಿದ್ದೇನಲ್ಲ ಎನಿಸಿತು.

ಮಾರನೆಯ ಬೆಳಿಗ್ಗೆ ರಂಗೋಲಿ ಮತ್ತೆ ಇತ್ತು.

ಹಿಂದಿನ ದಿನದ್ದಲ್ಲ. ಇದರ ಚುಕ್ಕಿಗಳು ಬೇರೆ, ಎಳೆಯೂ ಬೇರೆ. ಸರಸಮ್ಮನ ಗೆರೆ ತಿರುವಿನಲ್ಲಿ ದುಂಡಗೆ ಬಳುಕುತ್ತಿತ್ತು. ಇದು ಸ್ಕೇಲು ಇಟ್ಟು ಎಳೆದ ಹಾಗೆ ನೇರವಾಗಿ ಬಂದು ಚೂಪಾಗಿ ತಿರುಗುತ್ತಿತ್ತು. ಮತ್ತು ಕೊನೆಯಲ್ಲಿ ಸೇರಿರಲಿಲ್ಲ. ಶುರುವಾದ ಜಾಗಕ್ಕೆ ಒಂದು ಬೆರಳಿನಷ್ಟು ಅಂತರ ಬಿಟ್ಟು ನಿಂತಿತ್ತು. ಪಕ್ಕದ ಖಾಲಿ ಸೀಟಿಗೆ ಬೆಲ್ಟ್ ಹಾಕಿತ್ತು.

ಅದನ್ನು ನಾನು ಹಾಕಿರಲಿಲ್ಲ.

ಮಾರ್ಕಸ್‌ಗೆ ಹೇಳಿದೆ. ಅವನು ಬಂದು ಮ್ಯಾಟ್ ಎತ್ತಿ ನೋಡಿದ, ಹೀಟರಿನ ಕೊಳವೆಗಳನ್ನು ಮುಟ್ಟಿ ನೋಡಿದ. ಎಲ್ಲೂ ಒದ್ದೆ ಇರಲಿಲ್ಲ. ಆಮೇಲೆ ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತ. ಗಾಲಿಕುರ್ಚಿ ಹತ್ತಿಸುವ ಆ ಬಾಗಿಲ ಕೊಂಡಿ ಹಿಂದಿನ ವರ್ಷದಿಂದಲೇ ಕೆಟ್ಟಿತ್ತು, ಸೊಂಟದಲ್ಲಿ ಒಂದು ಗುದ್ದು ಕೊಟ್ಟರೆ ತೆರೆದುಕೊಳ್ಳುತ್ತಿತ್ತು. ನಾನು ಹಾಗೆ ಗುದ್ದಿ ತೆರೆಯುವುದನ್ನು ನೋಡಿ ವ್ಯಾನಿನ ಹಿರಿಯರೆಲ್ಲ ನಗುತ್ತಿದ್ದರು. ಸರಿಮಾಡಿಸಿ ಎಂದು ನಾನು ಹೇಳುತ್ತಲೇ ಇದ್ದೆ, ಮಾರ್ಕಸ್ ಬಿಡಿಭಾಗ ಬಂದಿಲ್ಲ ಎನ್ನುತ್ತಲೇ ಇದ್ದ. ಈಗ ಅವನು ಬಾಗಿಲನ್ನು ನೋಡಿ, ನನ್ನನ್ನು ನೋಡಿ, ಯಾರೋ ಮನೆ ಇಲ್ಲದವರು ರಾತ್ರಿ ಒಳಗೆ ಮಲಗುತ್ತಿದ್ದಾರೆ, ನೀನು ಒಬ್ಬಳೇ ಬಾಗಿಲು ತೆಗೆಯಬೇಡ ಎಂದ.

ಮನೆ ಇಲ್ಲದವರು ರಂಗೋಲಿ ಹಾಕುತ್ತಾರೆಯೇ ಎಂದು ಅವನಿಗೆ ಹೇಗೆ ಕೇಳುವುದು?

ವ್ಯಾನಿನಲ್ಲಿ ಮಾತ್ರ ಬಾಯಿಬಿಟ್ಟೆ. ಎಲ್ಲರೂ ಹತ್ತಿದ ಮೇಲೆ, ಒಳಗಾಜಿನಲ್ಲಿ ಹೀಗೆ ಹೀಗೆ ಕಾಣುತ್ತಿದೆ ಎಂದು ಹೇಳಿದೆ. ಹಿಂದಿನ ಸೀಟಿನ ಅಜ್ಜಿಯೊಬ್ಬರು, "ಪಾಪ, ಸರಸಮ್ಮನ ಜೀವ ಇಲ್ಲೇ ಸುತ್ತುತ್ತಿದೆ, ಶಾಂತಿ ಮಾಡಿಸ್ಬೇಕು," ಎಂದು ಶುರುಮಾಡಿದರು. ಅಂಕಲ್ ಎದುರಿಗೆ ಅಂಥ ಮಾತೇ ಎಂದು ನನಗೆ ಕೆಟ್ಟ ಕೋಪ ಬಂತು. ಕನ್ನಡಿಯಲ್ಲಿ ಅಂಕಲ್‌ರನ್ನು ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದವರು ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದರು.

"ಗೆರೆ ಸೇರಿತ್ತಾ ಫ್ಲೇವಿಯಮ್ಮ?"

"ಇಲ್ಲ ಅಂಕಲ್. ಸ್ವಲ್ಪ ಬಿಟ್ಟಿತ್ತು."

ಅವರು ತಲೆಯಾಡಿಸಿ ಮತ್ತೆ ಕಿಟಕಿಯ ಕಡೆ ತಿರುಗಿದರು.

ಅಲ್ಲಿಂದ ಮುಂದೆ ಚಳಿ ಹೆಚ್ಚಿದ ದಿನವೆಲ್ಲ ಒಳಗೆ ಹಿಮ, ಹಿಮದೊಳಗೆ ರಂಗೋಲಿ, ಖಾಲಿ ಸೀಟಿಗೆ ಬೆಲ್ಟ್. ಒಂದು ದಿನ ಸ್ವಲ್ಪ ಬೇಗ ಎದ್ದು ಲಾಟಿಗೆ ಬಂದೆ. ದೂರದಿಂದಲೇ ವ್ಯಾನಿನ ಕಡೆಯಿಂದ ಮಾತಿನ ಸದ್ದು ಕೇಳಿಸಿತು. ಜಗಳದ್ದಲ್ಲ, ಅಡುಗೆಮನೆಯಲ್ಲಿ ಗಂಡ ಹೆಂಡಿರು ಆಡಿಕೊಳ್ಳುವಂಥ ತಗ್ಗಿದ ಮಾತು. ಒಂದು ದನಿ ಕೇಳಿ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳುತ್ತಿತ್ತು. ನಾನು ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ತಿರುಗಿ ಮನೆಗೆ ಓಡಿ, ಗಂಡನನ್ನು ಎಬ್ಬಿಸಿಕೊಂಡು ಬಂದೆ. ಬರುವಷ್ಟರಲ್ಲಿ ವ್ಯಾನ್ ಖಾಲಿ. ಗಾಜಿನೊಳಗೆ ಹಿಮ ಆಗಷ್ಟೇ ಕಟ್ಟುತ್ತಿತ್ತು.

"ರೇಡಿಯೋ ಇರಬೇಕು," ಎಂದ ಗಂಡ, ಪೈಜಾಮದಲ್ಲಿ ನಡುಗುತ್ತಾ.

"ಬೀಗ ಹಾಕಿದ ವ್ಯಾನಿನಲ್ಲಿ ರೇಡಿಯೋ ತಾನಾಗೇ ಹಾಡ್ತದಾ?" ಎಂದು ಅವನಿಗೂ ಬೈದೆ.

ಅದೇ ದಿನ ಮಾರ್ಕಸ್ ಎದುರು ಕೂತು, ಆ ಕೊಂಡಿ ಸರಿಯಾಗುವವರೆಗೆ ವ್ಯಾನ್ ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ಅವನು ತನ್ನದೇ ಕೈಯಲ್ಲಿ ಬೇರೆ ಹಳೆಯ ವ್ಯಾನಿನ ಬೀಗ ತೆಗೆದು ನನ್ನದಕ್ಕೆ ಕೂರಿಸಿದ. ಕೀಲಿ ಇಲ್ಲದೆ ಇನ್ನು ಯಾರೂ ಒಳಗೆ ಬರಲಾರರು ಎಂದು ಬಾಗಿಲನ್ನು ಎರಡು ಸಲ ಎಳೆದು ತೋರಿಸಿದ. ನಾನು ನೆಮ್ಮದಿಯಿಂದ ವ್ಯಾನನ್ನು ಮನೆಗೆ ತಂದೆ. ಆ ರಾತ್ರಿ ಬೀಸಿದ ಗಾಳಿ ಆ ಚಳಿಗಾಲದಲ್ಲೇ ಅತಿ ತಣ್ಣನೆಯದು. ಸಾಕುನಾಯಿಗಳನ್ನು ಹೊರಗೆ ಬಿಡಬೇಡಿ ಎಂದು ಫೋನಿಗೆ ಎಚ್ಚರಿಕೆ ಬರುತ್ತಲೇ ಇತ್ತು.

ಬೆಳಿಗ್ಗೆ ಸ್ಕ್ರೇಪರ್ ಹಿಡಿದು ಹೋದೆ. ಹೊರಗಾಜಿನ ಮೇಲೆ ಹಿಮ ದಪ್ಪ ಕಂಬಳಿಯ ಹಾಗೆ ಕೂತಿತ್ತು. ಡ್ರೈವರ್ ಬಾಗಿಲು ತೆಗೆದು ಒಳಗೆ ಕೂತು ಗಾಜು ಮುಟ್ಟಿದೆ. ಒಳಮೈ ಒಣಗಿತ್ತು. ಒಂದು ಚೂರು ಹಿಮವಿಲ್ಲ, ಗೆರೆಯಿಲ್ಲ, ಬೆಲ್ಟ್ ತನ್ನ ಜಾಗದಲ್ಲಿ ನೇತಾಡುತ್ತಿತ್ತು. ಅಬ್ಬ, ಮುಗಿಯಿತು ಪೀಡೆ ಎಂದು ಉಸಿರುಬಿಟ್ಟೆ. ಆ ಉಸಿರು ಗಾಜಿನ ಮೇಲೆ ಸಣ್ಣಗೆ ಬೆಳ್ಳಗಾಯಿತು. ಆಗ ಲಾಟಿನ ದೀಪದ ಬೆಳಕಿನಲ್ಲಿ, ಪಕ್ಕದ ಸೀಟಿನ ಎದುರು, ಗಾಜಿನ ಆಚೆಮೈಯ ಹಿಮದಲ್ಲಿ ಚುಕ್ಕಿಗಳು ಕಂಡವು.

ಒಳಗಿನಿಂದ ಮುಟ್ಟಿದೆ. ಬೆರಳಿಗೆ ಹತ್ತಲಿಲ್ಲ. ಯಾರೋ ಹೊರಗೆ ನಿಂತು ಬರಿಗೈಯಲ್ಲಿ ಹಿಮ ಕೊರೆದು ಹಾಕಿದ್ದರು. ಗೆರೆ ನಾಲ್ಕು ಚುಕ್ಕಿ ಸುತ್ತಿ, ಐದನೆಯದರ ಹತ್ತಿರ ನಡುಗಿ, ಕೆಳಗೆ ಜಾರಿ, ಗಾಜಿನ ಅಂಚಿನವರೆಗೆ ಉದ್ದಕ್ಕೆ ಇಳಿದುಹೋಗಿತ್ತು.

ಒಳಗಿದ್ದವರು ಯಾರೇ ಆಗಿರಲಿ, ಈ ರಾತ್ರಿ ಹೊರಗಿದ್ದಾರೆ ಎಂದು ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು. ಅಲ್ಲಿಯವರೆಗೆ ದೆವ್ವಕ್ಕೆ ಹೆದರಿದ್ದೆ. ಆಗ ಆದ ಹೆದರಿಕೆಯೇ ಬೇರೆ. ಇಳಿದು ವ್ಯಾನನ್ನು ಸುತ್ತಿ ಆಚೆ ಹೋದೆ.

ಮುಂದಿನ ಚಕ್ರಕ್ಕೆ ಒರಗಿ ನಾಗರಾಜ್ ಅಂಕಲ್ ಕೂತಿದ್ದರು. ಸ್ವೆಟರ್ ಮೇಲೆ ಶಾಲು, ತಲೆಗೆ ಮಂಕಿಕ್ಯಾಪ್, ಕೈಗೆ ಗ್ಲೌಸ್ ಇಲ್ಲ. ಹುಬ್ಬಿನ ಮೇಲೆ ಹಿಮ. ಕಣ್ಣು ತೆರೆದೇ ಇತ್ತು. ನನ್ನನ್ನು ಗುರುತಿಸಿದರೋ ಇಲ್ಲವೋ, ತುಟಿ ಅಲ್ಲಾಡಿತು. ಬಗ್ಗಿ ಕಿವಿ ಹತ್ತಿರ ಇಟ್ಟೆ.

"ಬಾಗಿಲು ಗಟ್ಟಿಯಾಗ್ಬಿಟ್ಟಿದೆ ಕಣಮ್ಮ," ಎಂದರು. "ಸರಸು ಒಳಗೇ ಇದ್ದಾಳೆ. ತೆಗೀತಾನೇ ಇಲ್ಲ."

ನಾನು ಹೇಗೆ ಅವರನ್ನು ಎತ್ತಿದೆನೋ ಗೊತ್ತಿಲ್ಲ. ಒಳಗೆ ಮಲಗಿಸಿ, ವ್ಯಾನಿನಲ್ಲಿದ್ದ ಕಂಬಳಿಗಳನ್ನೆಲ್ಲ ಸುತ್ತಿ, ಎಂಜಿನ್ ಹಾಕಿ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದೆ. ಕೈ ಉಜ್ಜಬೇಡಿ ಎಂದು ಆ ಕಡೆಯವಳು ಹೇಳಿದಳು. ಉಜ್ಜದೆ ಬರೀ ಹಿಡಿದುಕೊಂಡು ಕೂತೆ. ನನ್ನ ಫೋನ್ ಹೋದದ್ದೇ ಸುಮನಾ ಚಪ್ಪಲಿಯೂ ಇಲ್ಲದೆ ಓಡಿ ಬಂದಳು. "ಅಪ್ಪ ಮಲಗಿದ್ದಾರೆ ಅಂದ್ಕೊಂಡಿದ್ದೆ ಆಂಟಿ, ಬೆಡ್‌ರೂಮ್ ಬಾಗಿಲು ಕ್ಲೋಸ್ ಆಗಿತ್ತು," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ಹೊಸ ಬೀಗದ ಕೀಲಿ ನನ್ನ ಜೇಬಿನಲ್ಲಿ ತೊಡೆಗೆ ಚುಚ್ಚುತ್ತಿತ್ತು.

ಅವರು ಬದುಕಿದರು. ಬಲಗೈಯ ಎರಡು ಬೆರಳಿನ ತುದಿಗಳನ್ನು ಮಾತ್ರ ಡಾಕ್ಟರು ತೆಗೆಯಬೇಕಾಯಿತು.

ಆಸ್ಪತ್ರೆಗೆ ನೋಡಲು ಹೋದಾಗ ಸುಮನಾ ಕಾಫಿ ತರಲು ಕೆಳಗೆ ಇಳಿದಿದ್ದಳು. ಅಂಕಲ್ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ನಾನು ಕೇಳುವ ಮೊದಲೇ ಹೇಳಿದರು.

"ಮನೇಲಿ ಅವಳ ಜೊತೆ ಮಾತಾಡಿದ್ರೆ ಸುಮನಾ ಗಾಬರಿಯಾಗ್ತಾಳೆ. ಮೆಮೊರಿ ಟೆಸ್ಟ್ ಎಲ್ಲಾ ಮಾಡಿಸಿದ್ಲು. ಮೊಮ್ಮಗ ರೂಮಿಗೆ ಬರೋದೇ ಬಿಟ್ಟ. ಅದಕ್ಕೇ ಬೆಳಗ್ಗೆ ಎದ್ದು ವ್ಯಾನಿಗೆ ಬರ್ತಿದ್ದೆ. ಅವಳ ಜಾಗ ಅದೇ ತಾನೆ? ಬೆಲ್ಟ್ ಹಾಕಿ ಕೂರಿಸ್ಕೊಂಡು ಮಾತಾಡಿ ಹೋಗ್ತಿದ್ದೆ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ಅಂಕಲ್? ಕೀಲಿ ನಾನೇ ಕೊಡ್ತಿದ್ದೆ."

"ನೀವು ಅವಳಿಗೆ ಬೈತೀರಲ್ಲ," ಎಂದು ನಕ್ಕರು. ನಕ್ಕದ್ದು ನನಗೆ ಬೈದದ್ದಕ್ಕಿಂತ ಹೆಚ್ಚು ತಾಗಿತು.

ಮಾತು ಬದಲಿಸಲು, "ರಂಗೋಲಿ ನಿಮ್ಗೆ ಬರುದಿಲ್ಲ ಅಂತ ಗೊತ್ತಾಯ್ತು. ಒಂದು ದಿನವೂ ಗೆರೆ ಸೇರ್ಲಿಲ್ಲ," ಎಂದೆ.

"ಬರಲ್ಲ ನಿಜ. ಬಟ್ಟೆ ಮೇಲೆ ಚಾಕ್ ಹಿಡಿದ ಕೈ, ನೇರಕ್ಕೇ ಹೋಗತ್ತೆ. ಆದ್ರೆ ಗೆರೆ ಬಿಟ್ಟಿದ್ದು ಬೇಕಂತಲೇ." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಸೇರಿಸ್ಬಿಟ್ರೆ ಅವಳು ಒಳಗೆ ಹೆಂಗೆ ಬರ್ತಾಳೆ ಫ್ಲೇವಿಯಮ್ಮ?"

ಅಷ್ಟರಲ್ಲಿ ಸುಮನಾ ಕಾಫಿ ತಂದಳು, ನಾವು ಹವಾಮಾನದ ಬಗ್ಗೆ ಮಾತಾಡಿದೆವು.

ಮಾರ್ಚಿನಲ್ಲಿ ದಕ್ಷಿಣದ ಏಪೆಕ್ಸ್ ಎಂಬ ಊರಿನಿಂದ ಅವರ ಮಗ ಬಂದು, ನಮ್ಮಲ್ಲಿ ಇಷ್ಟು ಚಳಿ ಇರುವುದಿಲ್ಲ ಎಂದು ಅಪ್ಪನನ್ನು ಕರೆದುಕೊಂಡು ಹೋದ. ಹೊರಡುವ ದಿನ ಅಂಕಲ್ ವ್ಯಾನಿನ ಹತ್ತಿರ ಬಂದು ಮುಂದಿನ ಸೀಟಿನ ಬೆನ್ನನ್ನು ಎಡಗೈಯಲ್ಲಿ ತಟ್ಟಿದರು. ನನಗೆ ಆಗಾಗ ಫೋನ್ ಮಾಡುತ್ತಿದ್ದರು. ಮಾತು ಮುಗಿಸುವ ಮೊದಲು ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: "ಏನಾದ್ರೂ ಕಾಣಿಸ್ತಾ?" ಇಲ್ಲ ಅಂಕಲ್ ಎನ್ನುತ್ತಿದ್ದೆ. ಸುಳ್ಳಾದರೂ ಹೇಳಿಬಿಡಲೇ ಎಂದು ಎಷ್ಟೋ ಸಲ ಅನಿಸಿದ್ದುಂಟು, ಆದರೆ ಅವರಿಗೆ ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ.

ಬೇಸಿಗೆಯಲ್ಲಿ ಹೈವೇಯಲ್ಲಿ ಲಾರಿಯಿಂದ ಹಾರಿದ ಕಲ್ಲು ಬಡಿದು ನನ್ನ ವ್ಯಾನಿನ ಗಾಜು ಬಿರುಕು ಬಿಟ್ಟಿತು. ಮಾರ್ಕಸ್ ಹಳೆಯದನ್ನು ಪೂರ್ತಿ ತೆಗೆಸಿ ಹೊಸ ವಿಂಡ್‌ಶೀಲ್ಡ್ ಹಾಕಿಸಿದ. ಹೊಸ ವ್ಯಾನುಗಳಲ್ಲಿ ಈಗ ಗಾಜಿನೊಳಗೇ ಬಿಸಿಯಾಗುವ ತಂತಿ ಇರುತ್ತದೆ, ಮನೆಯಲ್ಲಿ ಕೂತು ಫೋನಿನಲ್ಲೇ ಎಂಜಿನ್ ಹಾಕಬಹುದು. ನನ್ನ ವ್ಯಾನ್‌ಗೆ ಅವು ಯಾವುದೂ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು.

ಮುಂದಿನ ಚಳಿಗಾಲ ನನ್ನ ಕೆಲಸದ ಕೊನೆಯ ಚಳಿಗಾಲ. ಮೊದಲ ಗಟ್ಟಿ ಹಿಮ ಬಿದ್ದ ಬೆಳಿಗ್ಗೆ ಕೀಲಿ ಹಾಕಿ ಬಾಗಿಲು ತೆಗೆದೆ. ಹಿಂದಿನ ಬಾಗಿಲನ್ನೂ ಎಳೆದು ನೋಡಿದೆ, ಬೀಗ ಬಿಗಿಯಾಗಿತ್ತು. ಒಳಗೆ ಕೂತು ಗಾಜು ಮುಟ್ಟಿದೆ.

ಬೆರಳಿಗೆ ಹಿಮ ಹತ್ತಿತು.

ಫೋನಿನ ಬೆಳಕು ಹಾಕಲು ಧೈರ್ಯ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಹಾಕಿದೆ. ಪಕ್ಕದ ಸೀಟಿನ ಎದುರಿಗೆ, ಆ ಹೊಸ ಗಾಜಿನ ಒಳಮೈಯಲ್ಲಿ, ಚುಕ್ಕಿಗಳು. ಎಳೆ ಪ್ರತಿ ತಿರುವಿನಲ್ಲೂ ದುಂಡಗೆ ಬಳುಕಿ ಒಂದೊಂದು ಚುಕ್ಕಿಯನ್ನೂ ಸುತ್ತಿ ಬಂದಿತ್ತು.

ನಾನು ವಿಜ್ಞಾನ ಓದಿದವಳಲ್ಲ, ಆದರೆ ಹಿಮದ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಆ ನಿಮಿಷ ನೆನಪು ಮಾಡಿಕೊಂಡೆ. ಮ್ಯಾಟ್ ಒಣಗಿತ್ತು. ಹೀಟರ್ ಸೋರುತ್ತಿರಲಿಲ್ಲ. ಇನ್ನು ಮಾರ್ಕಸ್ ಹೇಳಿದ ಮೂರನೆಯದು ಒಂದೇ ಉಳಿದಿತ್ತು. ವಿಚಿತ್ರವೆಂದರೆ ಈ ಸಲ ಜಪಸರಕ್ಕೆ ಕೈ ಹೋಗಲಿಲ್ಲ. ಅಂಕಲ್ ಬೆಳಿಗ್ಗೆ ಬೇಗ ಏಳುತ್ತಾರೆಂದು ಗೊತ್ತಿತ್ತು. ಫೋನ್ ಮಾಡಿದೆ.

"ಅಂಕಲ್, ಉಂಟು."

ಆ ಕಡೆಯಿಂದ ಬಹಳ ಮೆಲ್ಲಗೆ, "ಗೆರೆ ಸೇರಿದೆಯಾ?"

ಬೆಳಕನ್ನು ಹತ್ತಿರ ಹಿಡಿದು ಶುರುವಿನಿಂದ ಕೊನೆಯವರೆಗೆ ನೋಡಿದೆ. "ಸೇರಿದೆ ಅಂಕಲ್. ಪೂರ್ತಿ."

"ಹಂಗಿದ್ರೆ ಒಳಗೆ ಬಂದಾಯ್ತು ಅವಳು," ಎಂದರು. ಅವರ ದನಿಯಲ್ಲಿ ಅಷ್ಟು ಸಮಾಧಾನವನ್ನು ನಾನು ಮೊದಲು ಕೇಳಿರಲಿಲ್ಲ. "ಹೀಟರ್ ಹಾಕ್ಬಿಟ್ರಾ?"

"ಇಲ್ಲ, ಇನ್ನೂ ಇಲ್ಲ."

"ಒಂಚೂರು ತಡೀರಿ."

ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದ ಸೀಟಿನ ಮೇಲೆ ಇಟ್ಟೆ. ಬೆಲ್ಟ್ ಎಳೆದು ಕ್ಲಿಕ್ ಎನ್ನುವವರೆಗೆ ಒತ್ತಿದೆ. ಬಾಗಿಲು ಮುಚ್ಚಿ ಹೊರಗೆ ಬಂದು ಸ್ಕ್ರೇಪರಿನಿಂದ ನನ್ನ ಬದಿಯ ಗಾಜನ್ನು ನಿಧಾನವಾಗಿ ಕೆರೆಯತೊಡಗಿದೆ, ಆ ಬದಿಯನ್ನು ಮುಟ್ಟಲಿಲ್ಲ. ಒಳಗಿನಿಂದ ಅಂಕಲ್ ಮಾತಾಡುವುದು ಕೇಳಿಸುತ್ತಿತ್ತು, ಮಾತು ಸ್ಪಷ್ಟವಾಗಿರಲಿಲ್ಲ. ಸ್ವಲ್ಪ ಮಾತಾಡಿ ಸುಮ್ಮನಾಗುತ್ತಿದ್ದರು, ಉತ್ತರ ಕೇಳಿಸಿಕೊಳ್ಳುವವರು ಸುಮ್ಮನಾಗುವಷ್ಟು ಹೊತ್ತು. ಆಮೇಲೆ ನಗುತ್ತಿದ್ದರು. ಅವತ್ತು ಮೊದಲ ಮನೆಗೆ ತಡವಾಗಿ ಹೋದೆ. ಯಾಕೆ ಲೇಟು ಎಂದು ಕೇಳಿದವರಿಗೆ, ಗಾಜಿನ ಮೇಲೆ ಹಿಮ ಇತ್ತು ಎಂದೆ.